ಒತ್ತಪ್ಪನವರ ಕೈಗುಣ

ಮನುಷ್ಯನಿಗೆ ಹೆಬ್ಬೆರಳು ಯಾತಕ್ಕೆ ಇದೆ ಎಂದು ಯಾರನ್ನಾದರೂ ಕೇಳಿ ನೋಡಿ. ಒಬ್ಬರು ಲೋಟ ಹಿಡಿಯುವುದಕ್ಕೆ ಎನ್ನುತ್ತಾರೆ, ಇನ್ನೊಬ್ಬರು ಮೊಬೈಲು ತಿಕ್ಕುವುದಕ್ಕೆ ಎನ್ನುತ್ತಾರೆ. ನೋಂದಣಿ ಕಚೇರಿಯ ಒತ್ತಪ್ಪನವರನ್ನು ಕೇಳಿದರೆ ಮಾತ್ರ ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಮೂಗಿನ ಮೇಲೆ ಕೂರಿಸಿಕೊಂಡು, "ಸಾಕ್ಷಿ ಹೇಳೋದಕ್ಕೆ" ಎನ್ನುತ್ತಿದ್ದರು. ಆಮೇಲೆ ಕೇಳಿದವರ ಹೆಬ್ಬೆರಳನ್ನು ಒಮ್ಮೆ ತಿರುಗಿಸಿ ನೋಡಿ, "ನಿಮ್ದು ಸುಳಿ ಬಲಕ್ಕಿದೆ" ಎಂದು ಹೇಳಿ ಕಳಿಸುತ್ತಿದ್ದರು. ಅದರಿಂದ ಒಳ್ಳೆಯದಾಗುತ್ತದೋ ಕೆಟ್ಟದಾಗುತ್ತದೋ ಎಂಬುದನ್ನು ಅವರು ಎಂದೂ ಹೇಳಿದ್ದಿಲ್ಲ.

ಮನೆ ಮಾರುವವರು, ಕೊಳ್ಳುವವರು, ದಾನ ಕೊಡುವವರು, ಪಾಲು ಕೇಳುವವರು, ಎಲ್ಲರ ಹೆಬ್ಬೆರಳೂ ಒಂದಲ್ಲ ಒಂದು ದಿನ ಅವರ ಮೇಜಿಗೆ ಬರಲೇಬೇಕು. ಬಂದ ಬೆರಳನ್ನು ಹಿಡಿದು, ಇಂಕ್ ಪ್ಯಾಡಿನ ಮೇಲೆ ಹೊರಳಿಸಿ, ಕಾಗದದ ಮೇಲೆ ಊರಿ, ಗೆರೆ ಗೆರೆಯೂ ಮೂಡುವ ತನಕ ಅಮುಕಿ ಹಿಡಿಯುವುದು ಅವರ ಕೆಲಸ. "ಒತ್ತಪ್ಪಾ... ಇನ್ನೂ ಒತ್ತಪ್ಪಾ..." ಎಂದು ಬೆಳಗಿನಿಂದ ಸಂಜೆಯ ತನಕ ಹೇಳಿ ಹೇಳಿ ಆ ಮಾತೇ ಅವರ ಹೆಸರಾಗಿ ನಿಂತಿತು. ಹೆಂಗಸರಿಗೆ "ಒತ್ತಮ್ಮಾ" ಎನ್ನುತ್ತಿದ್ದದ್ದೂ ಉಂಟು. ಸದ್ಯ, ಅದು ಅವರ ಹೆಂಡತಿಗೆ ಅಂಟಲಿಲ್ಲ.

ಅವರಿಗೊಂದು ಸಿದ್ಧಾಂತವಿತ್ತು: "ತಟ್ಟಿ ತೆಗೆದ್ರೆ ಚುಕ್ಕೆ, ಒತ್ತಿ ಹಿಡಿದ್ರೆ ಮುದ್ರೆ." ಈ ಸಿದ್ಧಾಂತವನ್ನು ಅವರು ಕಚೇರಿಯ ಬೀರುವಿನಲ್ಲಿ ಬೀಗ ಹಾಕಿ ಬರುತ್ತಿರಲಿಲ್ಲ, ಜೊತೆಯಲ್ಲೇ ಮನೆಗೆ ತರುತ್ತಿದ್ದರು. ಅಂಚೆ ಚೀಟಿ ಅಂಟಿಸಿದರೆ ಲಕೋಟೆ ಹರಿದೀತೇ ಹೊರತು ಚೀಟಿ ಏಳುತ್ತಿರಲಿಲ್ಲ. ಸಂಜೆ ಅವರು ಕರೆಗಂಟೆ ಒತ್ತಿದರೆ ಒಳಗಿನಿಂದ ಹೆಂಡತಿ ಬಂದು ಬಾಗಿಲು ತೆರೆದು, ಅವರ ಕೈಯನ್ನು ಗುಂಡಿಯಿಂದ ಬಿಡಿಸುವವರೆಗೂ ಗಂಟೆ ಹೊಡೆದುಕೊಳ್ಳುತ್ತಲೇ ಇರುತ್ತಿತ್ತು. ಇಂಥ ಹೆಬ್ಬೆರಳು ಒಂದು ಲ್ಯಾಪ್‌ಟಾಪಿನ ಮೇಲೆ ಬಿದ್ದ ವೃತ್ತಾಂತವನ್ನು ನಾವೀಗ ಆದಷ್ಟು ಗಂಭೀರವಾಗಿ ನಿವೇದಿಸುತ್ತೇವೆ.

ಒತ್ತಪ್ಪನವರಿಗೆ ಒಬ್ಬಳೇ ಮಗಳು. ದೊಡ್ಡ ಹೋಟೆಲೊಂದರಲ್ಲಿ ಇತರರ ಹಾಸಿಗೆ ಬಟ್ಟೆ ಒಗೆಸುವ ವಿಭಾಗ ನೋಡಿಕೊಳ್ಳುತ್ತಿದ್ದವಳು ಅದನ್ನು ಬಿಟ್ಟು, ಪೇಟೆ ಬೀದಿಯ ಮೂಲೆಯಲ್ಲಿ ತನ್ನದೇ ಲಾಂಡ್ರಿ ತೆರೆಯುವವಳಿದ್ದಳು. ಯಂತ್ರಗಳು ಬಂದಿದ್ದವು, ಗೋಡೆಗೆ ಬಣ್ಣವಾಗಿತ್ತು, ಭಾನುವಾರ ಬೆಳಗ್ಗೆ ಅಂಗಡಿ ಶುರು. ಬಿಲ್ಲು ಮಾಡುವುದಕ್ಕೆಂದು ತಂದ ಲ್ಯಾಪ್‌ಟಾಪನ್ನು ಅವಳು ಅಪ್ಪನ ಮುಂದಿಟ್ಟು ಹೇಳಿದಳು:

"ಅಪ್ಪಾ, ಮೊದಲನೇ ಬಿಲ್ಲು ನಿನ್ನ ಕೈಯಿಂದ್ಲೇ ಆಗ್ಬೇಕು. ನೀನೇ ಇದನ್ನ ಆನ್ ಮಾಡಿ ಅಂಗಡಿ ಶುರು ಮಾಡ್ಬೇಕು."

"ನಾನಾ? ದೊಡ್ಡೋರು ಯಾರಾದ್ರೂ..."

"ನಿನಗಿಂತ ದೊಡ್ಡೋರು ಯಾರಪ್ಪ ನನಗೆ?"

ಒತ್ತಪ್ಪನವರು ಕಣ್ಣಿಗೆ ಏನೋ ಬಿತ್ತೆಂದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಹುಟ್ಟಿದಾಗಿನಿಂದ ಅವರನ್ನು ಯಾರೂ ಯಾವುದನ್ನೂ ಉದ್ಘಾಟಿಸಲು ಕರೆದಿರಲಿಲ್ಲ. ಬೇರೆಯವರು ಮನೆ ಮಠ ಕೊಂಡಾಗ ಬೆರಳು ಹಿಡಿದದ್ದೇ ಅವರ ಸಮಾರಂಭ.

"ಇದನ್ನ ಇಲ್ಲೇ ಇಟ್ಕೊಂಡು ಅಭ್ಯಾಸ ಮಾಡು. ಏನಿಲ್ಲ, ಈ ಗುಂಡಿ ಒತ್ತೋದು ಅಷ್ಟೆ" ಎಂದಳು ಮಗಳು.

"ಒತ್ತೋದನ್ನ ನನಗೆ ಹೇಳ್ಕೊಡ್ತೀಯೇನೇ?" ಎಂದು ಒತ್ತಪ್ಪನವರು ಮನಸಾರೆ ನಕ್ಕರು. ಆ ವಾರ ಅವರು ನಕ್ಕದ್ದು ಅದೇ ಕೊನೆ.

ಸಂಜೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವರು ಮೇಜಿನ ಮುಂದೆ ಕೂತರು. ಎಡಕ್ಕೆ ಹೆಂಡತಿ, ಬಲಕ್ಕೆ ಅವರೊಡನೆಯೇ ಇರುವ ಅತ್ತೆ, ಅಂದರೆ ಹೆಂಡತಿಯ ತಾಯಿ. ಒತ್ತಪ್ಪನವರು ಹೆಬ್ಬೆರಳನ್ನು ಕರವಸ್ತ್ರದಿಂದ ಒರೆಸಿ, ಸರ್ವಿಸ್ಸಿನ ಅಷ್ಟೂ ಅನುಭವವನ್ನು ಅದರ ತುದಿಗೆ ತಂದು ಗುಂಡಿಯ ಮೇಲೆ ಊರಿದರು. ದೀಪ ಹತ್ತಿತು. ಒಳಗೆ ಗಾಳಿ ಸುಯ್ಯೆಂದಿತು. ಪರದೆಯ ಮೇಲೆ ಕಂಪನಿಯ ಗುರುತು ಮೂಡಿತು. "ಬಂತು ಬಂತು!" ಎಂದು ಹೆಂಡತಿ ಅನ್ನುವಷ್ಟರಲ್ಲಿ ಗುರುತು ಹೋಯಿತು, ಗಾಳಿ ಹೋಯಿತು, ದೀಪವೂ ಹೋಯಿತು.

"ಹೋಯ್ತು" ಎಂದರು ಅತ್ತೆ. ಅವರು ಆ ಪದವನ್ನು ಉಚ್ಚರಿಸುವ ಬಗೆಯಲ್ಲಿ ಒಂದು ತೃಪ್ತಿಯಿತ್ತು.

ಮತ್ತೆ ಒತ್ತಿದರು. ಬಂತು, ಹೋಯಿತು. ಇನ್ನೂ ಗಟ್ಟಿಯಾಗಿ ಒತ್ತಿದರು. ಬಂತು, ಹೋಯಿತು.

ಇಲ್ಲಿ ಓದುಗರ ಕಿವಿಯಲ್ಲಿ ಒಂದು ಗುಟ್ಟು ಹೇಳುತ್ತೇವೆ; ದಯಮಾಡಿ ಕೂಗಿ ಆ ಮನೆಯವರಿಗೆ ತಿಳಿಸಬಾರದು. ಆ ಗುಂಡಿಯನ್ನು ಮುಟ್ಟಿ ಬಿಟ್ಟರೆ ಯಂತ್ರ ಏಳುತ್ತದೆ. ಮುಟ್ಟಿದ ಕೈ ಬಿಡದೆ ಅಮುಕಿಯೇ ಹಿಡಿದರೆ, 'ಇವರಿಗೆ ನಾನು ಬೇಡವಾದೆ' ಎಂದು ತಿಳಿದು ಆರಿಹೋಗುತ್ತದೆ. ಇದು ಗುಂಡಿಯ ಧರ್ಮ. ಹಿಡಿದದ್ದನ್ನು ಬಿಡದಿರುವುದು ಒತ್ತಪ್ಪನವರ ಧರ್ಮ. ಎರಡು ಧರ್ಮಗಳು ಎದುರುಬದುರಾದರೆ ನಡುವೆ ಕತ್ತಲಾಗುವುದು ಲೋಕಾನುಭವ. ಆ ಮನೆಯಲ್ಲಿ ಇದು ಯಾರಿಗೂ ಹೊಳೆಯಲಿಲ್ಲ, ಯಾಕೆಂದರೆ ಎಲ್ಲರೂ ನೋಡುತ್ತಿದ್ದದ್ದು ಪರದೆಯನ್ನು. ಬೆರಳು ನೋಡುವ ಅಭ್ಯಾಸ ಇದ್ದವರು ಒತ್ತಪ್ಪನವರೊಬ್ಬರೇ. ಅವರೂ ಪರದೆಯನ್ನೇ ನೋಡುತ್ತಿದ್ದರು.

"ಸ್ವಲ್ಪ ಸರೀರಿ, ನಾನು ನೋಡ್ತೀನಿ" ಎಂದು ಹೆಂಡತಿ, ಕೈ ಒದ್ದೆಯಿದ್ದುದರಿಂದ, ಬೆರಳಿನ ಗೆಣ್ಣನ್ನು ಗುಂಡಿಗೆ ಹಾಗೇ ತಾಕಿಸಿದರು. ದೀಪ ಬಂತು, ಗಾಳಿ ಬಂತು, ಗುರುತು ಬಂತು; ಗುರುತಿನ ಹಿಂದೆ ಬೆಟ್ಟವೊಂದರ ಚಿತ್ರ ಬಂದು ಪರದೆಯ ತುಂಬ ನಿಂತಿತು. ಹೋಗಲಿಲ್ಲ.

ಪರೀಕ್ಷಿಸಿಬಿಡೋಣ ಎಂದು ಅದನ್ನು ಆರಿಸಿ ಒತ್ತಪ್ಪನವರೇ ಒತ್ತಿದರು. ಬೆಟ್ಟ ಬರಲೇ ಇಲ್ಲ. ಆಗ ಅತ್ತೆಯವರು ಕುರ್ಚಿಯಿಂದ ಏಳದೆ, ತಮ್ಮ ಊರುಗೋಲನ್ನು ಚಾಚಿ ಅದರ ತುದಿಯಿಂದ ಗುಂಡಿಯನ್ನು ಕುಟುಕಿದರು. ಬೆಟ್ಟ ಬಂದು ನಿಂತಿತು.

"ಯಂತ್ರ ಸರಿಯಾಗಿದೆ" ಎಂದು ಅವರು ಕೋಲನ್ನು ಹಿಂದಕ್ಕೆ ತೆಗೆದುಕೊಂಡರು. "ಇದು ಕೈಗುಣ."

"ಅಮ್ಮಾ, ಸುಮ್ನಿರು."

"ನಾನೇನ್ ಇವತ್ತು ಹೇಳ್ತಿದೀನಾ? ಮದುವೆಯಾದ ಹೊಸದರಲ್ಲಿ ಅಳಿಯಂದ್ರು ನಮ್ಮನೆಗೆ ಬಂದು ಫ್ಯಾನ್ ಹಾಕಿದ್ರು. ಇಡೀ ಬೀದಿಗೆ ಕರೆಂಟ್ ಹೋಯ್ತು. ಗೋಡೆ ಗಡಿಯಾರಕ್ಕೆ ಕೀಲಿ ಕೊಟ್ರು, ಈಗಲೂ ಹತ್ತೂಕಾಲೇ ತೋರಿಸ್ತಿದೆ. ನಾನು ಅವತ್ತೇ ಅಂದೆ, ಕೈಗುಣ ನೋಡ್ಕೋಬೇಕಾಗಿತ್ತು ಅಂತ."

"ನನ್ನ ಕೈಯನ್ನೂ ಇವರೇ ಹಿಡಿದಿದ್ದು. ನಾನೇನು ನಿಂತು ಹೋದ್ನಾ?"

ಅತ್ತೆಯವರು ಮಗಳನ್ನು ಮೇಲಿಂದ ಕೆಳಗೆ ನೋಡಿದರು. "ಮದುವೆಗೆ ಮುಂಚೆ ನೀನು ಎಷ್ಟು ಚೆನ್ನಾಗಿ ಹಾಡ್ತಿದ್ದೆ" ಎಂದು ನಿಟ್ಟುಸಿರು ಬಿಟ್ಟರು.

ಸುದ್ದಿ ಬೀಗರಿಗೆ ಮುಟ್ಟುವುದು ತಡವಾಗಲಿಲ್ಲ. ಬೀಗರು, ಅಂದರೆ ಮಗಳ ಮಾವ, ವಿದ್ಯುತ್ ಇಲಾಖೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಇಲಾಖೆ ಅವರನ್ನು ಬಿಟ್ಟಿತ್ತು. ಅವರು ಇಲಾಖೆಯನ್ನು ಬಿಟ್ಟಿರಲಿಲ್ಲ. ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಟೆಸ್ಟರು ಇರುತ್ತಿತ್ತು. ಸೊಸೆಯ ಅಂಗಡಿಯನ್ನು ತಾವು ಉದ್ಘಾಟಿಸಬೇಕು ಎಂಬ ಆಸೆ ಅವರಿಗೆ ಮೊದಲಿನಿಂದಲೂ ಇತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ, ಹೊಸ ಸೂಟು ಹೊಲಿಸಿದ್ದರು ಅಷ್ಟೆ.

"ಏನಿಲ್ಲ ಬೀಗರೇ, ಇದು ಅರ್ತಿಂಗ್ ಪ್ರಾಬ್ಲಂ. ಗೊತ್ತಾಯ್ತಾ?" ಎನ್ನುತ್ತಲೇ ಅವರು ಮರುದಿನ ಒಳಗೆ ಬಂದರು. ಪ್ರತಿ ಮಾತಿನ ಕೊನೆಗೂ ಗೊತ್ತಾಯ್ತಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋಗುವುದು ಅವರ ಕ್ರಮ. "ಕರೆಂಟು ಬರುತ್ತೆ. ಬಂದದ್ದು ಎಲ್ಲಾದ್ರೂ ಹೋಗ್ಬೇಕಲ್ಲ? ನಿಮ್ಮ ಮೂಲಕ ಹೋಗ್ತಿದೆ. ಗೊತ್ತಾಯ್ತಾ? ನಮ್ಮ ಇಲಾಖೇಲಿ ಒಬ್ಬ ಲೈನ್‌ಮನ್ ಇದ್ದ, ಹಿಂಗೇ. ಪಾಪ, ಒಳ್ಳೇ ಮನುಷ್ಯ."

"ಏನಾದ್ರು ಅವರು?" ಎಂದು ಒತ್ತಪ್ಪನವರು ಕ್ಷೀಣ ಸ್ವರದಲ್ಲಿ ಕೇಳಿದರು.

"ಅದೆಲ್ಲ ಈಗ ಬೇಡ."

ಆಮೇಲೆ ನಡೆದದ್ದನ್ನು ಬಣ್ಣಿಸಲು ನಮ್ಮ ಲೇಖನಿಗೂ ರಬ್ಬರಿನ ಹಿಡಿ ಬೇಕು. ಒತ್ತಪ್ಪನವರನ್ನು ಒಂದು ಮರದ ಮಣೆಯ ಮೇಲೆ ನಿಲ್ಲಿಸಲಾಯಿತು. ಮಣೆಯ ಮೇಲೆ ರಬ್ಬರ್ ಚಪ್ಪಲಿ, ಚಪ್ಪಲಿಯಲ್ಲಿ ಕಾಲು, ಕಾಲಿಗೆ ಉಣ್ಣೆಯ ಕಾಲುಚೀಲ. ಕೈಗಡಿಯಾರ, ಉಂಗುರ, ಸೊಂಟದ ಬೆಲ್ಟು ಎಲ್ಲವೂ ತೆಗೆಸಲ್ಪಟ್ಟವು. ಒಂದು ಕೈಯಲ್ಲಿ ಜಾರುವ ಪ್ಯಾಂಟನ್ನು ಹಿಡಿದುಕೊಂಡು, ಇನ್ನೊಂದು ಕೈಯ ಹೆಬ್ಬೆರಳಿಗೆ ಕಚೇರಿಯಲ್ಲಿ ಕಾಗದ ಎಣಿಸಲು ಬಳಸುವ ರಬ್ಬರ್ ಟೋಪಿ ತೊಡಿಸಿಕೊಂಡು, ಅವರು ಗುಂಡಿ ಒತ್ತಿದರು. ಟೋಪಿ ಜಾರೀತೆಂದು ಎಂದಿಗಿಂತ ಹೆಚ್ಚು ಹೊತ್ತು ಹಿಡಿದರು.

ಬಂತು, ಹೋಯಿತು.

ಬೀಗರು ಟೆಸ್ಟರನ್ನು ಒತ್ತಪ್ಪನವರ ಕಿವಿಯ ಹಾಲೆಗೆ ಮುಟ್ಟಿಸಿ ನೋಡಿದರು. ದೀಪ ಹತ್ತಲಿಲ್ಲ. "ಹೂಂ. ಇಷ್ಟು ಕರೆಂಟು ಕುಡಿದೂ ಹೊರಗೆ ತೋರಿಸ್ಕೊಳ್ತಿಲ್ಲ" ಎಂದು ಅವರು ತಲೆಯಾಡಿಸಿದರು. "ಕೇಸು ಆಳವಾಗಿದೆ."

ಬೀಗರು ಹೊರಟ ಮೇಲೆ ಒತ್ತಪ್ಪನವರು ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ರಿಪೇರಿ ಅಂಗಡಿಗೆ ಹೋದರು. ಅಲ್ಲಿಯವನು ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಮಾತಾಡುವವನು. ಗುಂಡಿಯನ್ನು ಒಮ್ಮೆ ತಟ್ಟಿದ. ಬೆಟ್ಟ ಬಂತು.

"ಓಕೆ ಇದ್ಯಲ್ಲ ಸಾರ್."

"ನಾನು ಒತ್ತಿದ್ರೆ ಹೋಗುತ್ತೆ."

"ಯಾರು ಒತ್ತಿದ್ರೂ ಒಂದೇ ಸಾರ್. ಮಷೀನಿಗೇನು ಮುಖ ಕಾಣುತ್ತಾ?"

ಒತ್ತಪ್ಪನವರು ಒತ್ತಿದರು. ರಿಪೇರಿಯವನ ಬಾಯಿಂದ ಸ್ಕ್ರೂ ಬಿತ್ತು. ಅವನಿಗೆ ವೃತ್ತಿಯ ರೋಷ ಬಂತು. ಹಿಂಬದಿಯ ಮುಚ್ಚಳ ಬಿಚ್ಚಿದ. ಫ್ಯಾನಿನ ಧೂಳು ಊದಿದ. ಬ್ಯಾಟರಿ ಕಳಚಿ ಮತ್ತೆ ಸೇರಿಸಿದ. ಮೆಮೊರಿಯ ಪಟ್ಟಿಯನ್ನು ಕಿತ್ತು, ರಬ್ಬರಿನಿಂದ ಉಜ್ಜಿ, ಪಕ್ಕದ ಸೀಳಿಗೆ ತೂರಿಸಿದ. ಚಾರ್ಜರು ಬದಲಿಸಿದ. ಪ್ರತಿ ಸಲವೂ ಅವನು ತಟ್ಟಿದರೆ ಬೆಟ್ಟ, ಒತ್ತಪ್ಪನವರು ಒತ್ತಿದರೆ ಕತ್ತಲು. ಕೊನೆಗೆ ಮುಚ್ಚಳ ಹಾಕಿ, ಅದನ್ನು ಟವೆಲ್ಲಿನಲ್ಲಿ ಅವನೇ ಸುತ್ತಿ ಕೊಟ್ಟ.

"ಸಾರ್, ಇದರೊಳಗೆ ಬಿಚ್ಚೋದು ಇನ್ನೇನೂ ಉಳಿದಿಲ್ಲ. ನಿಮ್ಮನ್ನ ಬಿಚ್ಚೋಣ ಅಂದ್ರೆ ನನ್ನ ಹತ್ರ ಅಷ್ಟು ದೊಡ್ಡ ಸ್ಕ್ರೂಡ್ರೈವರ್ ಇಲ್ಲ." ಅಂಗಡಿಯ ಮೆಟ್ಟಿಲು ಇಳಿಯುತ್ತಿದ್ದವರನ್ನು ಹಿಂದಿನಿಂದ ಕೂಗಿದ: "ಸಾರ್, ಹೋಗ್ತಾ ಆ ಷಟರ್ ಮಾತ್ರ ಮುಟ್ಬೇಡಿ!"

ಅಲ್ಲಿಂದ ಮುಂದೆ ಒತ್ತಪ್ಪನವರ ಕೀರ್ತಿ ಅವರಿಗಿಂತ ಮೊದಲು ಮನೆ ಸೇರತೊಡಗಿತು. ಅವರಿದ್ದ ಕಟ್ಟಡದ ಕಾರ್ಯದರ್ಶಿ ಬಹಳ ಸಭ್ಯಸ್ಥ, ಯಾರ ಮನಸ್ಸನ್ನೂ ನೋಯಿಸದೆ ಅವಮಾನ ಮಾಡಬಲ್ಲವರು. ಲಿಫ್ಟಿನ ಬಾಗಿಲಲ್ಲಿ ಕಾದು ನಿಂತು, "ಮೂರನೇ ಮಹಡಿ ತಾನೆ ಸಾರ್? ನೀವ್ಯಾಕೆ ತೊಂದ್ರೆ ತಗೋತೀರಾ, ನಾನು ಒತ್ತೀನಿ. ಕೈ ಹಾಗೇ ಜೇಬಲ್ಲಿರಲಿ, ಹಾಯಾಗಿರುತ್ತೆ" ಎಂದರು. "ಲಿಫ್ಟಿಗೆ ವಯಸ್ಸಾಗಿದೆ ಸಾರ್. ನಿಮ್ಮಿಂದ ಅಂತಲ್ಲ. ಆದ್ರೂ ನಿಮ್ಮಿಂದ."

ಒತ್ತಪ್ಪನವರು ಮೆಟ್ಟಿಲು ಹತ್ತಿದರು.

ಮೆಟ್ಟಿಲಿನಲ್ಲಿ ಮೇಲಿನ ಮನೆಯ ಹೆಂಗಸು ಎದುರಾದರು. ಅವರೊಬ್ಬರು ಮಾತ್ರ ಒತ್ತಪ್ಪನವರನ್ನು ಕಂಡು ಮುಖ ಅರಳಿಸಿದರು. ಮೆಲ್ಲಗೆ ಹತ್ತಿರ ಬಂದು, "ಅಣ್ಣಾ, ಒಂದು ಉಪಕಾರ ಆಗ್ಬೇಕು" ಎಂದರು. "ನಮ್ಮೆಜಮಾನ್ರು ರಿಟೈರಾದಾಗಿಂದ ಟೀವಿ ಮುಂದಿಂದ ಎದ್ದಿಲ್ಲ. ನ್ಯೂಸಿನೋರು ಕೂಗೋದು ಸಾಲ್ದು ಅಂತ ಇವರೂ ಅವರ ಜೊತೆ ಕೂಗ್ತಾರೆ. ನೀವು ಒಂದು ಸಲ ಬಂದು ಆ ಟೀವಿ ಒತ್ತಿ ಹೋಗ್ತೀರಾ?"

ಕಚೇರಿಯಲ್ಲೂ ಗುಸುಗುಸು. ಮನೆ ಕೊಳ್ಳಲು ಬಂದಾತನೊಬ್ಬ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡು, "ಸಾರ್, ನನ್ನ ಬೆರಳು ನಾನೇ ಹಿಡ್ಕೋತೀನಿ. ಮನೆ ಇನ್ನೂ ಅರ್ಧ ಕಟ್ಟಿದೆ, ನಿಂತು ಹೋದ್ರೆ ಕಷ್ಟ" ಎಂದ. ಅವನ ಹಿಂದೆಯೇ ಪಾಲಿನ ಪತ್ರ ಹಿಡಿದು ಬಂದ ಇಬ್ಬರು ಅಣ್ಣತಮ್ಮಂದಿರು ಮಾತ್ರ ಜಗಳವಾಡುತ್ತಲೇ ಕೈ ಚಾಚಿದರು: "ಹಿಡೀರಿ ಸಾರ್, ಚೆನ್ನಾಗಿ ಹಿಡೀರಿ. ಇದು ಇಲ್ಲಿಗೇ ನಿಲ್ಬೇಕು!"

ಇದೆಲ್ಲ ನಗೆಯ ಮಾತಾಗಿ ಉಳಿಯಬಹುದಿತ್ತು. ಆದರೆ ಜನ ಒಂದು ಮಾತನ್ನು ಹತ್ತು ಸಲ ಹೇಳಿದರೆ, ಹನ್ನೊಂದನೆಯ ಸಲ ಅದನ್ನು ನಾವೇ ಹೇಳಿಕೊಳ್ಳುತ್ತೇವೆ. ಶನಿವಾರದ ಹೊತ್ತಿಗೆ ಒತ್ತಪ್ಪನವರು ಗೋಡೆಯ ಸ್ವಿಚ್ಚು ಮುಟ್ಟುವುದನ್ನು ಬಿಟ್ಟಿದ್ದರು. ಮಬ್ಬಾದರೂ ದೀಪ ಹಾಕದೆ ಕೂತಿರುತ್ತಿದ್ದರು, ಹೆಂಡತಿ ಬಂದು ಹಾಕುವವರೆಗೆ.

ಅವತ್ತು ಮಧ್ಯಾಹ್ನ ಮಗಳು ಫೋನು ಮಾಡಿದಳು. ಅಂಗಡಿಯ ಕೆಲಸದಲ್ಲಿ ಮುಳುಗಿದ್ದವಳು ಆ ಕಡೆ ತಲೆಯೇ ಹಾಕಿರಲಿಲ್ಲ. ಅವಳಿಗೆ ಗೊತ್ತಿದ್ದದ್ದೆಲ್ಲ ಬೀಗರ ಬಾಯಿಂದ ಬಂದದ್ದು.

"ಅಪ್ಪಾ, ಮಾವ ಏನೇನೋ ಹೇಳ್ತಿದಾರೆ. ಅರ್ತಿಂಗ್ ಅಂತೆ, ನಿನ್ನ ಮೈಯಲ್ಲಿ ಏನೋ ಲೀಕ್ ಅಂತೆ. ನಾನು ಅದನ್ನೆಲ್ಲ ನಂಬಲ್ಲ. ನೀನೇ ಒತ್ತಬೇಕು."

ಒತ್ತಪ್ಪನವರು ಫೋನನ್ನು ಬಲಗೈಯಿಂದ ಎಡಗೈಗೆ ಬದಲಿಸಿಕೊಂಡರು.

"ಬೀಗರೇ ಒತ್ತಲಿ ಮಗಳೇ."

"ಅಪ್ಪಾ!"

"ನಾಳೆ ನಿನ್ನ ಮಷೀನು ಒಂದು ದಿನ ಕೆಟ್ಟು ನಿಂತ್ರೆ ಜನ ಏನಂತಾರೆ? ಅಪ್ಪನ ಕೈ ಅಂತಾರೆ. ಒಬ್ಬ ಗಿರಾಕಿ ಕಡಿಮೆ ಬಂದ್ರೆ ಅಪ್ಪನ ಕೈ ಅಂತಾರೆ. ಅವರು ಅನ್ನಲಿ ಬಿಡು. ಆಮೇಲೆ ಯಾವತ್ತೋ ಒಂದಿನ ನಿನಗೂ ಹಾಗೇ ಅನ್ನಿಸಿಬಿಟ್ರೆ? ಅದೊಂದು ಬೇಡ ನನಗೆ. ನಾನು ಬರ್ತೀನಿ, ಹಿಂದೆ ನಿಂತಿರ್ತೀನಿ."

ಆ ಕಡೆಯಿಂದ ಬಟ್ಟೆ ಹಿಂಡುವ ಯಂತ್ರವೊಂದನ್ನು ಯಾರೋ ಪರೀಕ್ಷೆಗೆಂದು ತಿರುಗಿಸುತ್ತಿದ್ದ ಸದ್ದು ಮಾತ್ರ ಕೇಳುತ್ತಿತ್ತು.

ಭಾನುವಾರ ಬೆಳಗ್ಗೆ ಅಂಗಡಿಯ ಮುಂದೆ ಜನ ಸೇರಿದರು. ಒಳಗೆ ಸಾಲಾಗಿ ಯಂತ್ರಗಳು, ಸೋಪಿನ ಹೊಸ ವಾಸನೆ, ಸೊಂಟದೆತ್ತರದ ಕೌಂಟರು, ಅದರ ಮೇಲೆ ಲ್ಯಾಪ್‌ಟಾಪು. ಹೊಸ ಸೂಟಿನ ಬೀಗರು ಬಾಗಿಲಲ್ಲೇ ನಿಂತು ಬಂದವರನ್ನೆಲ್ಲ ಎದುರುಗೊಳ್ಳುತ್ತಿದ್ದರು. ಒತ್ತಪ್ಪನವರು ಜೇಬಿನಿಂದ ಕೈ ತೆಗೆಯದೆ ಒಳಗೆ ನುಸುಳಲು ನೋಡಿದರು. ಬೀಗರು ಬಿಡಲಿಲ್ಲ. ಗೆದ್ದವರ ಔದಾರ್ಯದಿಂದ ಆ ಕೈಯನ್ನು ಎಳೆದು ಹೊರಗೆ ತೆಗೆದು, ಎಲ್ಲರೂ ನೋಡುವಂತೆ ಕುಲುಕಿದರು. ಕೈಕುಲುಕುವುದಕ್ಕೆ ನಮ್ಮಲ್ಲಿ ಹಸ್ತಲಾಘವ ಎಂಬ ಸೊಗಸಾದ ಮಾತಿದೆ. ಅಲ್ಲಿ ಹಸ್ತ ಎರಡಿದ್ದವು, ಲಾಘವ ಒಂದಕ್ಕೂ ಇರಲಿಲ್ಲ.

ಮೊದಲ ಗಿರಾಕಿಯೂ ಆಗಲೇ ಬಂದಿದ್ದ. ಬೆಡ್‌ಶೀಟುಗಳ ದೊಡ್ಡ ಗಂಟನ್ನು ಅಪ್ಪಿಕೊಂಡು ನಿಂತಿದ್ದ ಎತ್ತರದ ಮನುಷ್ಯ. ಸಮಾರಂಭ ಇದೆ ಎಂದು ಪಾಪ ಅವನಿಗೆ ಗೊತ್ತಿರಲಿಲ್ಲ.

ಬೀಗರು ಕೌಂಟರಿನ ಮುಂದೆ ನಿಂತು ಸೊಸೆಗೆ ಹೇಳಿದರು: "ನೀನು ಪಕ್ಕಕ್ಕೆ ಬಗ್ಗಿ ಪ್ಲಗ್ ಗಟ್ಟಿಯಾಗಿ ಹಿಡ್ಕೊ. ಲೂಸ್ ಕಾಂಟ್ಯಾಕ್ಟ್ ಆಗಬಾರದು. ಗೊತ್ತಾಯ್ತಾ?" ತನ್ನದೇ ಅಂಗಡಿಯ ಉದ್ಘಾಟನೆಯಲ್ಲಿ ಮಗಳು ಕೌಂಟರಿನ ಬದಿಗೆ ಬಗ್ಗಿ ಕೂತು ಪ್ಲಗ್ಗು ಹಿಡಿದಳು. ಅಲ್ಲಿಂದ ಅವಳಿಗೆ ಪರದೆ ಕಾಣುತ್ತಿರಲಿಲ್ಲ. ಜನ ಕಾಣುತ್ತಿರಲಿಲ್ಲ. ಕೀಲಿಮಣೆಯ ಅಂಚು, ಅದರ ಮೇಲೆ ಇಳಿದು ಬರುತ್ತಿರುವ ಮಾವನ ಹೆಬ್ಬೆರಳು, ಇಷ್ಟೇ ಕಣ್ಣೆದುರಿಗಿದ್ದದ್ದು.

"ನಮ್ಮ ಇಲಾಖೆಯಲ್ಲಿ..." ಎಂದು ಶುರುವಾದ ಭಾಷಣ ಒಂದು ಉಪಕೇಂದ್ರ, ಎರಡು ಬಡ್ತಿ ಮತ್ತು ಒಂದು ಬಿರುಗಾಳಿಯನ್ನು ದಾಟಿ ಲಾಂಡ್ರಿಗೆ ಬಂದು ಸೇರಿತು. ಬೀಗರು ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು ಒತ್ತಿದರು.

"ಸಾರ್, ಹಾಗೇ ಇರಿ!" ಎಂದು ಫೋಟೋದವನು ಕೂಗಿದ. "ಕೈ ತೆಗೀಬೇಡಿ, ಒತ್ಕೊಂಡೇ ಇರಿ. ಈ ಕಡೆ ನೋಡಿ. ಸ್ವಲ್ಪ ನಗಿ. ಸ್ವಲ್ಪ ಕಡಿಮೆ ನಗಿ. ಹಾಂ..."

ಫೋಟೋ ತೆಗೆದದ್ದಾಯಿತು. ಬೀಗರು ನಗುತ್ತಲೇ ಪರದೆಯತ್ತ ತಿರುಗಿದರು. ಅಲ್ಲಿ ಅವರದೇ ನಗುಮುಖ ಕಪ್ಪು ಗಾಜಿನಲ್ಲಿ ಕಾಣುತ್ತಿತ್ತು.

"ಹೋಯ್ತು" ಎಂದರು ಅತ್ತೆ.

"ಅಲುಗಿಸಿದೆಯೇನಮ್ಮ ಪ್ಲಗ್ಗು?" ಎಂದು ಬೀಗರು ಸೊಸೆಯನ್ನು ಗದರಿ ಮತ್ತೊಮ್ಮೆ ಒತ್ತಿದರು. "ಸಾರ್, ಇದೊಂದು ಕ್ಲೋಸಪ್ಪು. ಬಿಡಬೇಡಿ, ಬಿಡಬೇಡಿ..." ಎಂದ ಫೋಟೋದವನು. ಬಂತು, ಹೋಯಿತು.

ಜನರ ನಡುವೆ ಒಂದು ನಡುಕ ಹರಿಯಿತು. ಕಟ್ಟಡದ ಕಾರ್ಯದರ್ಶಿ ತಮ್ಮ ಸಭ್ಯ ಕಂಠವನ್ನು ಸಾಧ್ಯವಾದಷ್ಟು ತಗ್ಗಿಸಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಬಾಗಿಲಲ್ಲಿ ಇಬ್ಬರೂ ಕೈ ಕುಲುಕಿದ್ರು. ನಾನು ಕಣ್ಣಾರೆ ಕಂಡೆ."

"ಅಂಟಿಬಿಡ್ತೇ?" ಎಂದು ಮೇಲಿನ ಮನೆಯ ಹೆಂಗಸು ಎದೆ ಮುಟ್ಟಿಕೊಂಡರು. ಬೆಳಗಿನಿಂದ ಬೀಗರ ಕೈ ಕುಲುಕಿದವರೆಲ್ಲ ತಮ್ಮ ತಮ್ಮ ಕೈಗಳನ್ನು ನೋಡಿಕೊಂಡರು. ಒಬ್ಬರು ಮೆಲ್ಲಗೆ ಪ್ಯಾಂಟಿಗೆ ಒರೆಸಿಕೊಂಡರು. ಬೀಗರು ಸೂಟಿನ ಜೇಬಿನಿಂದ ಟೆಸ್ಟರು ತೆಗೆದು, ಯಾರೂ ನೋಡದ ಹಾಗೆ ತಮ್ಮ ಕಿವಿಗೇ ಮುಟ್ಟಿಸಿಕೊಂಡರು.

"ಕೈಗುಣವೋ ಕಾಲ್ಗುಣವೋ, ನನ್ನ ಬೆಡ್‌ಶೀಟು ತಗೋತೀರೋ ಇಲ್ವೋ?" ಎಂದು ಗಂಟಿನ ಹಿಂದಿನಿಂದ ಗಿರಾಕಿ ಕೇಳಿದ. "ನಾನು ನಿಂತು ನಿಂತು ಇದರ ಮೇಲೇ ಮಲಗೋ ಹಾಗಿದೀನಿ."

ಒತ್ತಪ್ಪನವರು ಹಿಂದಿನ ಸಾಲಿನಿಂದ ಇನ್ನೂ ಹಿಂದಕ್ಕೆ ಸರಿದರು. ತಾವು ಬಂದದ್ದೇ ತಪ್ಪಾಯಿತು, ಬಾಗಿಲಾಚೆಯೇ ನಿಲ್ಲಬೇಕಿತ್ತು ಎಂದುಕೊಂಡು ಬಾಗಿಲ ಕಡೆಗೆ ತಿರುಗಿದರು.

"ಅಪ್ಪಾ, ನಿಲ್ಲು."

ಮಗಳು ಪ್ಲಗ್ಗು ಬಿಟ್ಟು ಎದ್ದು ನಿಂತಿದ್ದಳು. ಎರಡು ಸಲವೂ ಅವಳು ನೋಡಿದ್ದು ಒಂದನ್ನೇ: ಗುಂಡಿಯ ಮೇಲೆ ಊರಿದ, ಉಗುರು ಬೆಳ್ಳಗಾದ, ಮೇಲೇಳದ ಬೆರಳು. ಜನರನ್ನು ಸರಿಸಿಕೊಂಡು ಬಂದು, ಅಪ್ಪನ ಮುಂದೆ ಅಂಗೈ ಹಿಡಿದಳು.

"ಮನೇಲಿ ನೀನು ಹೇಗೆ ಒತ್ತಿದೆ? ನನ್ನ ಕೈ ಮೇಲೆ ಒತ್ತಿ ತೋರ್ಸು."

"ಬೇಡ ಮಗಳೇ."

"ತೋರ್ಸಪ್ಪ."

ಒತ್ತಪ್ಪನವರು ಹೆದರುತ್ತ ಜೇಬಿನಿಂದ ಕೈ ತೆಗೆದು, ಮಗಳ ಅಂಗೈಯ ನಡುವೆ ಹೆಬ್ಬೆರಳನ್ನು ಇಟ್ಟರು. ಇಟ್ಟ ಮೇಲೆ ಬೆರಳು ತನ್ನ ಕಸುಬನ್ನು ತಾನೇ ನೆನಪಿಸಿಕೊಂಡಿತು, ಊರಿತು, ನಿಂತಿತು. ಮಗಳು ಕಾದಳು. ಜನ ಕಾದರು. ಗಿರಾಕಿ ಗಂಟನ್ನು ಕೆಳಗಿಟ್ಟ.

"ಯಾವಾಗ ತೆಗೀತೀಯಪ್ಪಾ?"

"ಮೂಡಿದ ಮೇಲೆ" ಎಂದರು ಒತ್ತಪ್ಪನವರು, ಇದೂ ಕೇಳಬೇಕಾದ ಮಾತೇ ಎಂಬಂತೆ.

ಮಗಳಿಗೆ ನಗು ಬಂತು. ಅಪ್ಪನನ್ನು ಕೈ ಹಿಡಿದು ಕೌಂಟರಿನ ತನಕ ಕರೆತಂದು, ಅವರ ಹೆಬ್ಬೆರಳನ್ನು ತನ್ನ ಬೆರಳುಗಳ ನಡುವೆ ತೆಗೆದುಕೊಂಡು ಗುಂಡಿಯ ಮೇಲಿಟ್ಟಳು. ಊರಿನವರ ಬೆರಳನ್ನೆಲ್ಲ ಹಿಡಿದ ಆ ಮನುಷ್ಯನ ಬೆರಳನ್ನು ಇನ್ನೊಬ್ಬರು ಹಿಡಿದದ್ದು ಅದೇ ಮೊದಲು.

"ಒತ್ತಪ್ಪಾ" ಎಂದಳು ಮಗಳು. ಮರುಕ್ಷಣವೇ, "ಎತ್ತಪ್ಪಾ."

ಅವಳೇ ಎತ್ತಿದಳು. ದೀಪ ಬಂತು, ಗಾಳಿ ಬಂತು, ಗುರುತು ಬಂತು. ಬೆಟ್ಟ ಬಂದು ಪರದೆಯ ತುಂಬ ನಿಂತಿತು.

ಒತ್ತಪ್ಪನವರು ಬೆಟ್ಟವನ್ನು ನೋಡಿದರು, ಬೆರಳನ್ನು ನೋಡಿದರು. "ಇಷ್ಟೇನಾ?" ಎಂದರು.

"ಇಷ್ಟೇ ಅಪ್ಪ."

"ಇಷ್ಟು ಬೇಗ ಬಿಟ್ಬಿಡಬೇಕಾ?" ಅವರ ದನಿಯಲ್ಲಿ ಸಂತೋಷಕ್ಕಿಂತ, ಅಷ್ಟು ಅರೆಬರೆ ಕೆಲಸವನ್ನು ಲೋಕ ಒಪ್ಪಿಕೊಳ್ಳುತ್ತದಲ್ಲ ಎಂಬ ನೋವೇ ಹೆಚ್ಚಾಗಿತ್ತು.

"ನಾನು ಅವತ್ತೇ ಅಂದೆ" ಎಂದು ಅತ್ತೆಯವರು ಊರುಗೋಲನ್ನು ನೆಲಕ್ಕೆ ಕುಟ್ಟಿದರು, "ನಮ್ಮ ಅಳಿಯಂದ್ರ ಕೈ ಅಂದ್ರೆ ಕೈ ಅಂತ." ಬೀಗರು ಸುತ್ತಲಿದ್ದವರಿಗೆ, ತಣ್ಣಗಿದ್ದ ಯಂತ್ರವನ್ನು ತಾವು ಮೊದಲು 'ವಾರ್ಮಪ್' ಮಾಡಿಕೊಟ್ಟದ್ದರಿಂದಲೇ ಅದು ಎದ್ದಿತು, ಗೊತ್ತಾಯ್ತಾ, ಎಂದು ವಿವರಿಸತೊಡಗಿದರು. ಒತ್ತಪ್ಪನವರು ಅದಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಬೆಡ್‌ಶೀಟುಗಳ ಗಂಟು ಬಿಚ್ಚಿ, ಎಣಿಸಿ, ಮಗಳು ತೋರಿಸಿದ ಅಕ್ಷರಗಳನ್ನು ಒಂದೊಂದಾಗಿ ತಟ್ಟಿ ತೆಗೆಯುತ್ತ ಮೊದಲನೆಯ ಬಿಲ್ಲು ಮಾಡಿದರು. ಅದಕ್ಕೆ ಬಹಳ ಹೊತ್ತು ಹಿಡಿಯಿತು. ಗಿರಾಕಿ ಕಾದ.

ಫೋಟೋದವನು ಆ ಹೊತ್ತಿನಲ್ಲಿ ಕ್ಯಾಮೆರಾದ ಬ್ಯಾಟರಿ ಬದಲಿಸುತ್ತಿದ್ದ. ತಲೆಯೆತ್ತಿ, "ಸಾರ್, ಅದು ತಪ್ಪಿ ಹೋಯ್ತು. ಆಫ್ ಮಾಡಿ ಇನ್ನೊಂದು ಸಲ ಒತ್ತಿ" ಎಂದ. ಮಗಳು ಅವನನ್ನು ನೋಡಿದ ನೋಟಕ್ಕೆ ಅವನು ಮತ್ತೆ ತಲೆ ತಗ್ಗಿಸಿದ.

ಹೀಗಾಗಿ ಈಗಲೂ ಆ ಲಾಂಡ್ರಿಯ ಗೋಡೆಯ ಮೇಲೆ ಇರುವುದು ಬೀಗರ ಫೋಟೋವೇ. ಹೊಸ ಸೂಟು, ಗುಂಡಿಯ ಮೇಲೆ ಹೆಬ್ಬೆರಳು, ಸ್ವಲ್ಪ ಕಡಿಮೆ ಮಾಡಿದ ನಗೆ. ಬಟ್ಟೆ ಕೊಡಲು ಬಂದ ಹೊಸಬರು ಅದನ್ನು ನೋಡಿ, "ಇವರೇನಾ ಅಂಗಡಿ ಓಪನ್ ಮಾಡಿದ್ದು?" ಎಂದು ಕೇಳುತ್ತಾರೆ.

"ಅಲ್ಲ, ಓಪನ್ ಮಾಡಿದ್ದು ನಮ್ಮಪ್ಪ" ಎನ್ನುತ್ತಾಳೆ ಮಗಳು, ಬಟ್ಟೆ ಎಣಿಸುತ್ತಲೇ. "ಇವರು ನಮ್ಮ ಮಾವ. ಆಫ್ ಮಾಡಿದ್ದು."